ಹೆಸರಲ್ಲಿ ಒಂದಕ್ಷರ ತಪ್ಪಿದರೆ ದಂಡ, ಮೂರೂವರೆ ಗಂಟೆ ತಪ್ಪಿದರೆ 'ಸಣ್ಣ ಬದಲಾವಣೆ'

ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಬಂತು. "ನಿಮ್ಮ ಪ್ರಯಾಣದಲ್ಲಿ ಸಣ್ಣ ಬದಲಾವಣೆಯಾಗಿದೆ." ಸಣ್ಣದಂತೆ! ಬೆಳಿಗ್ಗೆ 9:40ಕ್ಕೆ ಹೊರಡಬೇಕಿದ್ದ ವಿಮಾನ 6:10ಕ್ಕೇ ಹೊರಟುಬಿಡುತ್ತದಂತೆ. ಅಂದರೆ ನಾವು ಮನೆ ಬಿಡಬೇಕಾದದ್ದು ನಡುರಾತ್ರಿ ಎರಡು ಗಂಟೆಗೆ. ನನ್ನ ಜೊತೆ ಹೊರಟಿದ್ದವರು ಅಮ್ಮ. ಮಂಡಿ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು ಅಷ್ಟೇ. ಅವರು ನಿಧಾನವಾಗಿ ಎದ್ದು, ಮಾತ್ರೆ ತಗೊಂಡು, ಆರಾಮಾಗಿ ಹೊರಡಲಿ ಅಂತಲೇ ಹುಡುಕಿ ಹುಡುಕಿ ಆ 9:40ರ ವಿಮಾನ ಆರಿಸಿದ್ದೆ. ಬೆಳಗಿನ ಜಾವದ್ದು ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು, ಬೇಡ ಅಂತ ಜಾಸ್ತಿ ದುಡ್ಡು ಕೊಟ್ಟಿದ್ದೆ. ಈಗ ಜಾಸ್ತಿ ದುಡ್ಡೂ ಹೋಯಿತು, ಬೆಳಗಿನ ಜಾವದ್ದೇ ಗಂಟುಬಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಇದೇ ಟಿಕೆಟ್ ಮಾಡಿಸುವಾಗ ಅಮ್ಮನ ಹೆಸರಲ್ಲಿ ಒಂದಕ್ಷರ ತಪ್ಪು ಹೊಡೆದಿದ್ದೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಅದನ್ನು ಸರಿ ಮಾಡಲು ನಲವತ್ತು ನಿಮಿಷ ಫೋನ್ ಹಿಡಿದು ನಿಂತಿದ್ದೆ, ಮೇಲೆ ಶುಲ್ಕ ಬೇರೆ. ಒಂದಕ್ಷರಕ್ಕೆ! ಅವರು ಮೂರೂವರೆ ಗಂಟೆ ಆಚೀಚೆ ಮಾಡಿದರೆ ಅವರಿಗೆ ಏನೂ ಇಲ್ಲ. ನಾನು ಹತ್ತು ನಿಮಿಷ ತಡವಾಗಿ ಹೋಗಿದ್ದರೆ ಕೌಂಟರ್ ಮುಚ್ಚಿ, ಇಡೀ ಟಿಕೆಟ್ ದುಡ್ಡು ನುಂಗಿ, "ಸಾರಿ ಮೇಡಂ" ಅನ್ನುತ್ತಿದ್ದರು.

ಆ ಮೆಸೇಜಿನ ಕೆಳಗೆ ಒಂದು ದೊಡ್ಡ ಹಸಿರು ಬಟನ್ ಇತ್ತು. "ಒಪ್ಪುತ್ತೇನೆ." ಅದರ ಕೆಳಗೆ, ಇರುವೆ ಕಾಲಿನಷ್ಟು ಸಣ್ಣ ಬೂದು ಅಕ್ಷರದಲ್ಲಿ, "ಇತರ ಆಯ್ಕೆಗಳು". ಒತ್ತಿದೆ. ಅವರ ಮುಖಪುಟ ತೆರೆಯಿತು. ಮತ್ತೆ ಒತ್ತಿದೆ, ಮತ್ತೆ ಮುಖಪುಟ. ಬೇಡ ಅನ್ನುವ ಬಟನ್ ಎಲ್ಲೂ ಇಲ್ಲ. ಒಪ್ಪಂದ ಅಂದರೆ ಇಬ್ಬರೂ ಒಪ್ಪಬೇಕು ಅಲ್ವಾ? ಇಲ್ಲಿ ಒಬ್ಬರಿಗೆ ಬದಲಾಯಿಸುವ ಹಕ್ಕು, ಇನ್ನೊಬ್ಬರಿಗೆ ತಲೆ ಅಲ್ಲಾಡಿಸುವ ಹಕ್ಕು.

ಆ ಬಟನ್ ಯಾರೂ ಸುಮ್ನೆ ಒತ್ತಬೇಡಿ. ಒಮ್ಮೆ ಒಪ್ಪಿಬಿಟ್ಟರೆ ದುಡ್ಡು ವಾಪಸ್ ಕೇಳುವ ದಾರಿ ಎಷ್ಟೋ ಕಡೆ ಅಲ್ಲಿಗೇ ಮುಚ್ಚಿಹೋಗುತ್ತದೆ. ಕೋಪದಲ್ಲಿ ನೀವೇ ಟಿಕೆಟ್ ಕ್ಯಾನ್ಸಲ್ ಮಾಡಿದರಂತೂ ಇನ್ನೂ ಕೆಟ್ಟದ್ದು, "ನೀವಾಗಿ ರದ್ದು ಮಾಡಿದ್ದೀರಿ" ಅಂತ ಹೇಳಿ ಕ್ಯಾನ್ಸಲೇಷನ್ ಶುಲ್ಕವನ್ನೂ ಮುರಿದುಕೊಳ್ಳುತ್ತಾರೆ. ಒಪ್ಪಲೂಬೇಡಿ, ರದ್ದು ಮಾಡಲೂಬೇಡಿ, ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾನು ತೆಗೆದಿಟ್ಟುಕೊಂಡಿರಲಿಲ್ಲ. ಹಳೇ ಸಮಯ ಆ್ಯಪ್‌ನಿಂದ ಮರುದಿನವೇ ಮಾಯ. 9:40 ಅನ್ನುವುದು ಇತ್ತೇ ಇಲ್ಲವೇನೋ ಅನ್ನುವ ಹಾಗೆ.

ಕಾಲ್ ಸೆಂಟರಿನ ಹುಡುಗ ಹೇಳಿದ ಮಾತು ಕೇಳಿ. "ಮೇಡಂ, ಟೈಮ್‌ಟೇಬಲ್‌ಗೆ ಗ್ಯಾರಂಟಿ ಇಲ್ಲ, ನಿಯಮಾವಳಿಯಲ್ಲೇ ಇದೆ." ಅದು ಸುಳ್ಳಲ್ಲ, ಅದೇ ನನಗೆ ಉರಿ. ಹಿಂದೆ ಕಾಗದದ ಟಿಕೆಟ್ ಇದ್ದ ಕಾಲದಲ್ಲೂ ಹಿಂಬದಿ ಸಣ್ಣಕ್ಷರದಲ್ಲಿ ಇದೇ ಇರುತ್ತಿತ್ತು, ತೋರಿಸಿದ ಸಮಯ ಈ ಕರಾರಿನ ಭಾಗವಲ್ಲ, ಹೇಳದೆ ಕೇಳದೆ ವಿಮಾನವನ್ನೂ ಬದಲಾಯಿಸಬಹುದು ಅಂತ. ಹಾಗಾದರೆ ಮಾರುವಾಗ ಆ ಸಮಯವನ್ನೇ ದಪ್ಪಕ್ಷರದಲ್ಲಿ ತೋರಿಸಿ, ಒಳ್ಳೆ ಸಮಯಕ್ಕೆ ಜಾಸ್ತಿ ರೇಟು ಹಾಕಿ ಮಾರುವುದು ಯಾಕೆ? ಸಮಯ ಕರಾರಿನ ಭಾಗ ಅಲ್ಲ ಅಂದರೆ ಸಮಯಕ್ಕೆ ದುಡ್ಡನ್ನೂ ತಗೋಬೇಡಿ!

ಬದಲಾವಣೆಗೆ ಕಾರಣಗಳಿರುತ್ತವೆ, ಗೊತ್ತು. ವಿಮಾನದವರ ಲೆಕ್ಕದಲ್ಲಿ ವರ್ಷಕ್ಕೆ ಎರಡೇ ಕಾಲ. ಮಾರ್ಚ್ ಕೊನೆಯ ಭಾನುವಾರ ಬೇಸಿಗೆ ಶುರು, ಅಕ್ಟೋಬರ್ ಕೊನೆಯ ಭಾನುವಾರ ಚಳಿಗಾಲ ಶುರು. ಟಿಕೆಟ್ ಮಾತ್ರ ಹತ್ತು ಹನ್ನೊಂದು ತಿಂಗಳು ಮುಂಚೆಯೇ ಮಾರುತ್ತಾರೆ, ಆಗಿನ್ನೂ ಆ ಕಾಲದ ವೇಳಾಪಟ್ಟಿ ಗಟ್ಟಿಯಾಗಿರುವುದೇ ಇಲ್ಲ. ಇಲ್ಲದ ವೇಳಾಪಟ್ಟಿಯನ್ನು ಮಾರಿ, ಆಮೇಲೆ ನಮ್ಮನ್ನು ಅದಕ್ಕೆ ಹೊಂದಿಸುತ್ತಾರೆ.

ಎಲ್ಲ ಕಡೆ ಪ್ರಯಾಣಿಕರು ಹೀಗೆ ಅನಾಥರಲ್ಲ. ಯುರೋಪಿನಲ್ಲಿ ವಿಮಾನ ಪ್ರಯಾಣಿಕರ ಹಕ್ಕು ಕಾಯುವ 261/2004 ಅನ್ನುವ ನಿಯಮ 2005ರಿಂದ ಜಾರಿಯಲ್ಲಿದೆ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ದೊಡ್ಡ ಕೋರ್ಟು ಒಂದು ಚೆಂದದ ಮಾತು ಹೇಳಿತು. ವಿಮಾನವನ್ನು ಒಂದು ಗಂಟೆಗಿಂತ ಜಾಸ್ತಿ ಮುಂಚಿತವಾಗಿ ಹೊರಡಿಸಿದರೆ ಅದು ರದ್ದಾದ ಹಾಗೇ ಲೆಕ್ಕ. ಒಂದು ಗಂಟೆ! ನನ್ನದು ಮೂರೂವರೆ. ಆದರೆ ಅಲ್ಲೂ ಒಂದು ಕಿಂಡಿ ಇದೆ. 14 ದಿನ ಮೊದಲೇ ತಿಳಿಸಿಬಿಟ್ಟರೆ 250ರಿಂದ 600 ಯುರೋ ಪರಿಹಾರ ಕೊಡಬೇಕಿಲ್ಲ, ಟಿಕೆಟ್ ದುಡ್ಡು ವಾಪಸ್ ಅಥವಾ ಬೇರೆ ವಿಮಾನ, ಅಷ್ಟೇ. ನನಗೆ ಮೆಸೇಜ್ ಬಂದದ್ದು 16 ದಿನ ಮೊದಲು. ಎಣಿಸಿಯೇ ಕಳಿಸುತ್ತಾರೆ ಅಂತ ನನ್ನ ಅನುಮಾನ.

ಅಮೆರಿಕದಲ್ಲಿ 2024ರಲ್ಲಿ ಗೆರೆ ಎಳೆದರು. ದೇಶದೊಳಗೆ ಮೂರು ಗಂಟೆ, ಹೊರದೇಶಕ್ಕಾದರೆ ಆರು ಗಂಟೆ. ಅಷ್ಟು ಬದಲಾಗಿ ನೀವು ಒಪ್ಪದಿದ್ದರೆ ದುಡ್ಡು ವಾಪಸ್, ಕಾರ್ಡಿನಲ್ಲಿ ಕೊಟ್ಟಿದ್ದರೆ ಏಳು ಕೆಲಸದ ದಿನದೊಳಗೆ. ಹತ್ತುವ ಇಳಿಯುವ ಏರ್‌ಪೋರ್ಟ್ ಬದಲಾದರೂ, ನಡುವೆ ಇಳಿದು ಹತ್ತುವುದು ಜಾಸ್ತಿಯಾದರೂ, ಕೆಳಗಿನ ಕ್ಲಾಸಿಗೆ ತಳ್ಳಿದರೂ ಅದೇ ನಿಯಮ. ಕನಿಷ್ಠ 'ಸಣ್ಣ ಬದಲಾವಣೆ' ಅಂದರೆ ಎಷ್ಟು ಅಂತ ಯಾರೋ ಅಳತೆ ಇಟ್ಟರಲ್ಲ. ನಮ್ಮ ಕಾಲ್ ಸೆಂಟರಿನ ಹುಡುಗನನ್ನು ಕೇಳಿದರೆ "ಕಂಪನಿ ಪಾಲಿಸಿ ಮೇಡಂ" ಅನ್ನುತ್ತಾನೆ. ಪಾಲಿಸಿಯಲ್ಲಿ ಎಷ್ಟು ಗಂಟೆ? "ಚೆಕ್ ಮಾಡಿ ಹೇಳುತ್ತೇನೆ." ಇವತ್ತಿಗೂ ಚೆಕ್ ಮಾಡುತ್ತಿದ್ದಾನೆ.

ಕೊನೆಗೆ ಬೇರೆ ದಾರಿಯಿಲ್ಲದೆ ಒಪ್ಪಿದೆ. ಅಮ್ಮನಿಗೆ ಹೋಗಲೇಬೇಕಿತ್ತು, ಆ ಹೊತ್ತಿಗೆ ಬೇರೆ ಟಿಕೆಟ್ ಮೂರು ಪಟ್ಟಾಗಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಹೊರಡುವ ಎರಡು ದಿನ ಮುಂಚೆ ವಿಮಾನವನ್ನೇ ಬದಲಾಯಿಸಿದರು. ದೊಡ್ಡದರ ಬದಲು ಚಿಕ್ಕದು. ಇದಕ್ಕಂತೂ ಮೆಸೇಜೂ ಇಲ್ಲ.

ಗೊತ್ತಾದದ್ದು ಕೌಂಟರಿನಲ್ಲಿ. ನಸುಕಿನ ನಾಲ್ಕು ಗಂಟೆ. ಮಷಿನ್ನಿನಲ್ಲಿ ಬೋರ್ಡಿಂಗ್ ಪಾಸ್ ಬರಲಿಲ್ಲ, "ಸಿಬ್ಬಂದಿಯನ್ನು ಸಂಪರ್ಕಿಸಿ" ಅಂತ ಬಂತು. ಕೌಂಟರಿನ ಹುಡುಗಿ ಟೈಪ್ ಮಾಡಿದಳು, ಮಾಡಿದಳು, ಮಾಡುತ್ತಲೇ ಇದ್ದಳು. ವಿಷಯ ಏನೆಂದರೆ ಬುಕಿಂಗ್‌ನಲ್ಲಿ ಹೊಸ ಸಮಯ ಕೂತಿದೆ, ಟಿಕೆಟ್‌ನಲ್ಲಿ ಹಳೇ ಸಮಯವೇ ಇದೆ. ಬದಲಾವಣೆ ಒಪ್ಪಿದ ಮೇಲೆ ಟಿಕೆಟನ್ನು ಹೊಸದಾಗಿ ಮಾಡಿ ಎರಡನ್ನೂ ಹೊಂದಿಸಬೇಕಿತ್ತು. ಟಿಕೆಟ್ ಮಾರಿದ್ದ ಏಜೆಂಟ್ ಅದು ವಿಮಾನ ಕಂಪನಿಯ ಕೆಲಸ ಅಂದುಕೊಂಡಿದ್ದ. ಕಂಪನಿ ಏಜೆಂಟನ ಕೆಲಸ ಅಂದುಕೊಂಡಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಅಮ್ಮ ಗಾಲಿಕುರ್ಚಿಯಲ್ಲಿ ಕೂತು ನನ್ನ ಮುಖ, ಆ ಹುಡುಗಿ ಮುಖ, ಮತ್ತೆ ನನ್ನ ಮುಖ ನೋಡುತ್ತಿದ್ದರು.

ಇಪ್ಪತ್ತೈದು ನಿಮಿಷದ ಮೇಲೆ ಬೋರ್ಡಿಂಗ್ ಪಾಸ್ ಬಂತು. ನಾನು ದುಡ್ಡು ಕೊಟ್ಟು ತಗೊಂಡಿದ್ದದ್ದು ಮುಂದಿನ ಸಾಲು, ಕಾಲು ಚಾಚಲು ಜಾಗ ಇರುವ ಸೀಟು, ಅಮ್ಮನಿಗೆ ನಡುದಾರಿಯ ಪಕ್ಕ. ಸಿಕ್ಕಿದ್ದು ಅಮ್ಮನಿಗೆ 27ನೇ ಸಾಲಿನ ನಡುವಿನ ಸೀಟು, ನನಗೆ 19. ಆಪರೇಷನ್ ಆದ ಮಂಡಿ ಮುಂದಿನ ಸೀಟಿಗೆ ಒತ್ತಿಕೊಂಡಿತ್ತು, ಎರಡು ಅಪರಿಚಿತ ಮೊಣಕೈಗಳ ನಡುವೆ ಎರಡೂಕಾಲು ಗಂಟೆ ಕಳೆಯಬೇಕಿತ್ತು. ಪಕ್ಕದ ಹುಡುಗ ಒಳ್ಳೆಯವನು, ಕೇಳದೆಯೇ ಎದ್ದು ತನ್ನ ಜಾಗ ಬಿಟ್ಟುಕೊಟ್ಟ. ಕಂಪನಿ ಮಾಡಬೇಕಾದ ಕೆಲಸ ಅವನು ಮಾಡಿದ.

ವಿಮಾನ ಬದಲಾದಾಗ ಹಕ್ಕು ಅನ್ನುವುದು ಇನ್ನೂ ತೆಳ್ಳಗೆ. ಬಿಸಿನೆಸ್ ಕ್ಲಾಸಿನಿಂದ ಕೆಳಗಿಳಿಸಿದರೆ ನಿಯಮ ಇದೆ. ಯುರೋಪಿನಲ್ಲಿ ದೂರ ನೋಡಿಕೊಂಡು ಟಿಕೆಟ್ ದುಡ್ಡಿನ ಶೇಕಡಾ 30, 50, 75 ವಾಪಸ್. ಭಾರತದಲ್ಲೂ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ 2023ರ ಫೆಬ್ರವರಿಯಿಂದ ದೇಶದೊಳಗಿನ ವಿಮಾನಕ್ಕೆ ತೆರಿಗೆ ಸೇರಿಸಿ ಶೇಕಡಾ 75 ಕೊಡಿ ಅಂದಿದೆ. ಆದರೆ ಅದೇ ಕ್ಲಾಸಿನಲ್ಲಿ ಮುಂದಿನ ಸೀಟಿನಿಂದ 27ನೇ ಸಾಲಿಗೆ ದೂಡಿದರೆ? ಅದು ಇಳಿಕೆಯಲ್ಲವಂತೆ. ಅಮೆರಿಕದ್ದು ಇನ್ನೂ ತಮಾಷೆ. ಸುರಕ್ಷತೆಗೋ ಕಾರ್ಯಾಚರಣೆಗೋ ಅಂತ ಚಿಕ್ಕ ವಿಮಾನ ತಂದು, ಜಾಗ ಸಾಲದೆ ನಿಮ್ಮನ್ನು ಹತ್ತಿಸದೇ ಇದ್ದರೂ, ಸೀಟು ಸಿಗದವರಿಗೆ ಕೊಡುವ ಪರಿಹಾರ ಕೊಡಬೇಕಿಲ್ಲ. ಆದರೂ ಅಲ್ಲಿ ಒಂದು ನ್ಯಾಯ ಇದೆ, ಸೀಟಿಗೆ ಅಂತ ಪ್ರತ್ಯೇಕ ದುಡ್ಡು ತಗೊಂಡು ಆ ಸೀಟು ಕೊಡದಿದ್ದರೆ ಅಷ್ಟನ್ನು ಹಿಂದಿರುಗಿಸಲೇಬೇಕು.

ನಾನೂ ಅಷ್ಟೇ ಕೇಳಿದ್ದು. ಪರಿಹಾರ ಬೇಡ, ಕ್ಷಮಾಪಣೆ ಬೇಡ, ಕೊಡದ ಎರಡು ಸೀಟಿನ ದುಡ್ಡು ಕೊಡಿ. ಮೊದಲ ಮೇಲ್‌ಗೆ ಉತ್ತರ, "ನಿಮಗೆ ಸೀಟು ನೀಡಲಾಗಿದೆ." ಹೌದಪ್ಪಾ, ನೀಡಲಾಗಿದೆ, ನಿಂತುಕೊಂಡು ಹೋಗಲಿಲ್ಲ ನಾವು! ಎರಡನೆಯದಕ್ಕೆ ಉತ್ತರ, ಏಜೆಂಟನ್ನು ಕೇಳಿ. ಏಜೆಂಟ್ ಅಂದ, ಸೀಟಿನ ದುಡ್ಡು ನೇರ ಕಂಪನಿಗೆ ಹೋಗಿದೆ. ನಾಲ್ಕನೇ ಮೇಲ್‌ಗೆ ಬೋರ್ಡಿಂಗ್ ಪಾಸ್ ಫೋಟೋ, ರಸೀದಿ, ಅಮ್ಮನ ಆಪರೇಷನ್ ಕಾಗದ ಎಲ್ಲ ಲಗತ್ತಿಸಿ ಕಳಿಸಿದೆ.

ಒಂಬತ್ತು ವಾರದ ಮೇಲೆ ನಿನ್ನೆ ಉತ್ತರ ಬಂದಿದೆ. ದುಡ್ಡಲ್ಲ, ವೋಚರ್. ಮೂಗಿಗೆ ತುಪ್ಪ. ಅವರದೇ ವಿಮಾನದಲ್ಲಿ, ಆರು ತಿಂಗಳೊಳಗೆ, ಸೀಟು ಕೊಳ್ಳಲು ಮಾತ್ರ. ಅದು ಬಂದಿರುವುದು ಅಮ್ಮನ ಹೆಸರಿಗೆ, ಅಮ್ಮ ಇನ್ನು ವಿಮಾನ ಹತ್ತುವುದಿಲ್ಲ ಅಂತ ಕೈಮುಗಿದಿದ್ದಾರೆ. ನನ್ನ ಹೆಸರಿಗೆ ಮಾಡಿಕೊಡಿ ಅಂತ ಫೋನ್ ಮಾಡಿದೆ. ಹೆಸರು ಬದಲಾಯಿಸಲು ಬರುವುದಿಲ್ಲವಂತೆ. ಅಂದಹಾಗೆ, ಆ ವೋಚರಿನಲ್ಲಿ ಅಮ್ಮನ ಹೆಸರಿನ ಆ ಒಂದಕ್ಷರ ಮತ್ತೆ ತಪ್ಪಾಗಿದೆ.