ನಾನು ರೋಬೋ ಅಲ್ಲ, ಬಿಟ್ಟಿ ಆಳು

ಟ್ರಾಫಿಕ್ ಲೈಟ್ ಇರುವ ಚೌಕಗಳನ್ನೆಲ್ಲ ಒತ್ತಿ ಎನ್ನುತ್ತದೆ ಪರದೆ. ಒತ್ತುತ್ತೀರಿ. ಕಂಬವೂ ಲೈಟಿಗೆ ಸೇರಿದ್ದೋ, ಇಲ್ಲ ರಸ್ತೆಗೆ ಸೇರಿದ್ದೋ ಎಂಬ ತತ್ತ್ವಜಿಜ್ಞಾಸೆಯಲ್ಲಿ ಬೆರಳು ನಡುಗುತ್ತದೆ. ತಪ್ಪಾಯಿತು, ಇನ್ನೊಮ್ಮೆ, ಈ ಸಲ ಬಸ್ಸು. ಮನುಷ್ಯರು ತಾವು ಮನುಷ್ಯರೆಂದು ಯಂತ್ರಕ್ಕೆ ಅರ್ಜಿ ಹಾಕಿಕೊಳ್ಳುವ ಕಾಲ. ಅರ್ಜಿ ಶುಲ್ಕ ಅರ್ಧ ನಿಮಿಷದ ದುಡಿಮೆ.

ದುಡಿಮೆ ಎಂದದ್ದು ಮಾತಿಗಲ್ಲ. 2007ರ ರೀಕ್ಯಾಪ್ಚಾ ಎಂಬ ಇಂಥದೇ ಪರೀಕ್ಷೆ ಎರಡು ಸೊಟ್ಟ ಪದ ತೋರಿಸುತ್ತಿತ್ತು. ಒಂದರ ಉತ್ತರ ಅದಕ್ಕೇ ಗೊತ್ತು. ಇನ್ನೊಂದು, ಹಳೆಯ ಪುಟ ಸ್ಕ್ಯಾನ್ ಮಾಡಿದಾಗ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಓದಲಾರದೆ ಕೈಚೆಲ್ಲಿದ್ದು. ಯಾವುದು ಯಾವುದೆಂದು ಹೇಳುತ್ತಿರಲಿಲ್ಲ. ಮೊದಲನೆಯದು ಸರಿಯಾದರೆ ನೀವು ಮನುಷ್ಯ. ಎರಡನೆಯದಕ್ಕೆ ಹಲವರ ಉತ್ತರ ಒಂದೇ ಆದರೆ ಅದು ಪುಟಕ್ಕೆ ಸೇರಿತು. ನ್ಯೂಯಾರ್ಕ್ ಟೈಮ್ಸಿನ ಹಳೆಯ ಸಂಚಿಕೆಗಳು ಡಿಜಿಟಲ್ ಆದದ್ದು ಹೀಗೆ. 2009ರಲ್ಲಿ ಗೂಗಲ್ ಇದನ್ನು ಕೊಂಡುಕೊಂಡಿತು. ಪದಗಳಾದ ಮೇಲೆ ಮನೆ ನಂಬರು, ಆಮೇಲೆ ದೀಪ, ಬಸ್ಸು. ಬಂದವರ ಕೈಯಲ್ಲಿ ಅಂಗಳ ಗುಡಿಸಿಸಿಯೇ ಒಳಗೆ ಬಿಡುವ ಈ ಬಾಗಿಲು ಕಾಯುವವನ ಜಾಣತನಕ್ಕೆ ಕೈ ಮುಗಿಯಲೇಬೇಕು.

2006ರಲ್ಲಿ ವೈರ್ಡ್ ಪತ್ರಿಕೆಯಲ್ಲಿ ಪತ್ರಕರ್ತ ಜೆಫ್ ಹೌ, ಕೆಲಸವನ್ನು ಜನಸಮೂಹಕ್ಕೆ ಹಂಚುವ ಇಂಥದ್ದಕ್ಕೆಲ್ಲ ಕ್ರೌಡ್‌ಸೋರ್ಸಿಂಗ್ ಎಂಬ ಹೆಸರು ಕೊಟ್ಟರು. ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂಬ ಗಾದೆ ನಮ್ಮಲ್ಲಿ ಮೊದಲೇ ಇತ್ತು. ಹೊರೆ ಮಾರಿದ ದುಡ್ಡು ಯಾರಿಗೆ ಎಂದು ಮಾತ್ರ ಗಾದೆ ಹೇಳಿರಲಿಲ್ಲ.

ಸಿಡಿಗಳ ಕಾಲ ನೆನಪಿರುವವರಿಗೆ ಉತ್ತರ ಗೊತ್ತು. ಆಡಿಯೋ ಸಿಡಿಯಲ್ಲಿ ಸಾಮಾನ್ಯವಾಗಿ ಹಾಡಿನ ಹೆಸರು ಇರುತ್ತಿರಲಿಲ್ಲ. ಕೇಳುಗರೇ ಕೂತು ಒಂದೊಂದೇ ಹೆಸರು ಟೈಪ್ ಮಾಡಿ ಸಿಡಿಡಿಬಿ ಎಂಬ ಪಟ್ಟಿಗೆ ಕಳಿಸಿದರು. ಪಟ್ಟಿ ಗ್ರೇಸ್‌ನೋಟ್ ಎಂಬ ಕಂಪನಿಯಾಯಿತು. 2008ರಲ್ಲಿ ಸೋನಿ ಅದನ್ನು 26 ಕೋಟಿ ಡಾಲರಿಗೆ ಕೊಂಡಿತು. ಟೈಪ್ ಮಾಡಿದವರಿಗೆ ಹಾಡು ಕೇಳುವ ಸುಖ ಸಿಕ್ಕಿತಲ್ಲ, ಸಾಕು. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ವರ್ಷಗಟ್ಟಲೆ ಪುಕ್ಕಟೆ ಉತ್ತರ ಬರೆದವರ ಕತೆ ಇನ್ನೂ ಸೊಗಸು. 2021ರಲ್ಲಿ ಅದು 180 ಕೋಟಿ ಡಾಲರಿಗೆ ಮಾರಾಟವಾಯಿತು. 2024ರಲ್ಲಿ ಓಪನ್‌ಎಐ ಎಂಬ ಎಐ ಕಂಪನಿಗೆ ಆ ಉತ್ತರಗಳನ್ನು ಒದಗಿಸುವ ಒಪ್ಪಂದವಾದಾಗ ಸಿಟ್ಟಿಗೆದ್ದು ತಮ್ಮದೇ ಉತ್ತರ ಅಳಿಸಹೊರಟ ಕೆಲವರ ಖಾತೆಯೇ ಅಮಾನತಾಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬುದಕ್ಕೆ ಇಷ್ಟು ಚೊಕ್ಕ ಉದಾಹರಣೆ ಗಾದೆ ಕಟ್ಟಿದವರಿಗೂ ಸಿಕ್ಕಿರಲಿಕ್ಕಿಲ್ಲ.

ಇವರೆಲ್ಲರಿಗಿಂತ ಅಮೆಜಾನ್ ಪ್ರಾಮಾಣಿಕ. 2005ರಲ್ಲಿ ಚಿಲ್ಲರೆ ಕೆಲಸಗಳ ಆನ್‌ಲೈನ್ ಸಂತೆ ತೆರೆದು ಅದಕ್ಕೆ ಮೆಕ್ಯಾನಿಕಲ್ ಟರ್ಕ್ ಎಂದೇ ಹೆಸರಿಟ್ಟಿತು. ಮೂಲ ಟರ್ಕ್, 1770ರಲ್ಲಿ ಕೆಂಪೆಲೆನ್ ಎಂಬಾತ ವಿಯೆನ್ನಾದ ಆಸ್ಥಾನಕ್ಕಾಗಿ ಮಾಡಿದ, ತಾನೇ ಆಡುವಂತೆ ಕಾಣುತ್ತಿದ್ದ ಚದುರಂಗದ ಬೊಂಬೆ. ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಹಲ್ಲುಚಕ್ರ ತೋರಿಸುತ್ತಿದ್ದರು. ಒಳಗಿದ್ದ ಆಟಗಾರ ಜಾರುವ ಆಸನದ ಮೇಲೆ ಅತ್ತಿಂದಿತ್ತ ಸರಿದು ಅಡಗುತ್ತಿದ್ದ. ಕಾಯಿಗಳಲ್ಲಿ ಅಯಸ್ಕಾಂತ, ಒಳಗೆ ಬೆಳಕಿಗೊಂದು ಮೇಣದಬತ್ತಿ. ಅದರ ಹೊಗೆ ಯಾರಿಗೂ ಅನುಮಾನ ತರದಿರಲಿ ಎಂದು ಹೊರಗೂ ದೀಪಗಳು. ನೆಪೋಲಿಯನ್ನನೂ ಇದರೆದುರು ಆಡಿದ. ಬೊಂಬೆಯ ನಂತರದ ಮಾಲೀಕ ಮೆಲ್ಸೆಲ್ ಒಳಗಿನ ಆಟಗಾರನನ್ನು ಸಂಬಳಕ್ಕೆ ಇಟ್ಟುಕೊಂಡಿದ್ದ ಎಂಬುದನ್ನು ಗಮನಿಸಿ. ಈಗಿನ ಟರ್ಕಿನಲ್ಲಿ ಕೆಲಸ ಮಾಡಿಸಿಕೊಂಡವನು ‘ಸರಿಯಿಲ್ಲ’ ಎಂದು ತಿರಸ್ಕರಿಸಿ ಕೂಲಿ ಉಳಿಸಬಹುದು, ಕೆಲಸವನ್ನೂ ಇಟ್ಟುಕೊಳ್ಳಬಹುದು.

ಇನ್ನು ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಪುಕ್ಕಟೆ ಬಳಸಬಹುದಾದ ತಂತ್ರಾಂಶ. ಸಾವಿರ ಕಣ್ಣು ಕಾಯುವಾಗ ದೋಷ ಅಡಗದು ಎಂಬ ಮಂತ್ರ ಎಲ್ಲರ ಬಾಯಲ್ಲೂ ಇದೆ. ಕೆಲವೇ ಕೆಲವರು ಕೋಡ್ ಬರೆದರು, ಉಳಿದ ಕಣ್ಣುಗಳೆಲ್ಲ ಡೌನ್‌ಲೋಡ್ ಬಟನ್ ಮೇಲಿದ್ದವು. ಬ್ಯಾಂಕು, ಅಂಗಡಿ, ಸರ್ಕಾರಗಳ ಗುಟ್ಟು ಕಾಯುತ್ತಿದ್ದ ಗೂಢಲಿಪಿ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ಗೆ 2014ರವರೆಗೆ ಪೂರ್ಣಾವಧಿ ಕೆಲಸಗಾರ ಒಬ್ಬನೇ, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಹಾರ್ಟ್‌ಬ್ಲೀಡ್ ಎಂಬ ಅದರ ದೋಷ ಏನೆಂದರೆ, ಕೇಳುವವನು ಹೇಳಿದ ಸಂದೇಶದ ಉದ್ದವನ್ನು ತಾಳೆ ನೋಡದೆ ಸರ್ವರ್ 64 ಕಿಲೋಬೈಟ್‌ವರೆಗೆ ತನ್ನ ನೆನಪನ್ನೇ ತೋಡಿ ಕೊಡುತ್ತಿತ್ತು. ಒಂದು ‘ಇಫ್’ ಸಾಲಿನ ಕೊರತೆ. ಎರಡು ವರ್ಷ ಯಾರೂ ನೋಡಲಿಲ್ಲ, ಯಾಕೆಂದರೆ ನೋಡಲು ಯಾರಿಗೂ ಯಾರೂ ಸಂಬಳ ಕೊಟ್ಟಿರಲಿಲ್ಲ. ಸಾವಿರಾರು ಕೋಟಿ ಲಾಭ ಎಣಿಸುವವರು ಅಡಿಪಾಯ ಕಟ್ಟಿದವನಿಗೆ ಒಂದು ಕಿರಿಯ ನೌಕರನ ವೇತನವನ್ನೂ ಕೊಡಲಿಲ್ಲ. ಇದಕ್ಕೆ ಸಹಯೋಗ ಎನ್ನಲು ನಾಚಿಕೆಯಾಗಬೇಕು.

ನಾಚಿಕೆ ಎಲ್ಲಿಂದ ಬರಬೇಕು. ಲಾಗ್‌ಫೋರ್‌ಜೆ ಎಂಬ ಓಪನ್ ಸೋರ್ಸ್ ತಂತ್ರಾಂಶದ ಭದ್ರತಾ ದೋಷದ ಗಲಾಟೆಯ ಬೆನ್ನಿಗೆ, 2022ರ ಜನವರಿಯಲ್ಲಿ, ಒಂದು ದೈತ್ಯ ಕಂಪನಿ ಕರ್ಲ್ ಎಂಬ ದತ್ತಾಂಶ ಸಾಗಿಸುವ ಪುಕ್ಕಟೆ ತಂತ್ರಾಂಶ ಬರೆದ ಡೇನಿಯಲ್ ಸ್ಟೆನ್‌ಬರ್ಗ್‌ಗೆ ಆ ದೋಷದ ಕುರಿತು ಪ್ರಶ್ನಾವಳಿ ಕಳಿಸಿ, 24 ಗಂಟೆಯೊಳಗೆ ಉತ್ತರಿಸಬೇಕೆಂದಿತು. ಕರ್ಲ್‌ ಬರೆದಿರುವುದು ಸಿ ಭಾಷೆಯಲ್ಲಿ, ಜಾವಾದ ಲಾಗ್‌ಫೋರ್‌ಜೆಗೂ ಅದಕ್ಕೂ ಸಂಬಂಧವೇ ಇಲ್ಲ. ಬೆಂಬಲದ ಒಪ್ಪಂದಕ್ಕೆ ಸಹಿ ಹಾಕಿದರೆ ಸಂತೋಷದಿಂದ ಉತ್ತರಿಸುತ್ತೇನೆ ಎಂದರು ಅವರು. ಹಾಗಾದರೆ ನಾವು ನಿಮ್ಮ ಗ್ರಾಹಕರಲ್ಲವೇ ಎಂದು ಮರುಪತ್ರ ಬಂತು. ಅದು ಶುರುವಾಗಿದ್ದು ‘ಹಾಯ್ ಡೇವಿಡ್’ ಎಂದು.