ಗ್ಯಾಲರಿಯಲ್ಲಿ ಕುಳಿತವರ ಚರಿತ್ರೆಯೂ ಚರ್ಚಿನದೇ

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವಿಕ್‌ಫರ್ಡಿನಲ್ಲಿರುವ ಹಳೆಯ ನಾರಾಗ್ಯಾನ್ಸೆಟ್ ಚರ್ಚನ್ನು ಕಟ್ಟಿದ್ದು 1707ರಲ್ಲಿ. ಹೊಲ ಮತ್ತು ಹುಲ್ಲುಗಾವಲುಗಳ ನಡುವೆ ಎದ್ದ ಆ ಮರದ ಕಟ್ಟಡವನ್ನು 1800ರಲ್ಲಿ ಈಗಿನ ಜಾಗಕ್ಕೆ ಸ್ಥಳಾಂತರಿಸಿದರು. ಅದರ ಹಳಮೆಯನ್ನು ಕೊಂಡಾಡುವವರು ಇಂಗ್ಲೆಂಡಿನ ರಾಣಿ ಆ್ಯನ್ ಕೊಟ್ಟ ಬೆಳ್ಳಿ ಪಾತ್ರೆಗಳ ಬಗ್ಗೆ ಹೇಳುತ್ತಾರೆ. ಜಾರ್ಜ್ ವಾಷಿಂಗ್ಟನ್ನರ ಚಿತ್ರ ಬರೆದ ಗಿಲ್ಬರ್ಟ್ ಸ್ಟುವರ್ಟನಿಗೆ 1756ರಲ್ಲಿ ದೀಕ್ಷಾಸ್ನಾನವಾದದ್ದು ಅಲ್ಲಿಯೇ ಎಂದು ಹೆಮ್ಮೆಪಡುತ್ತಾರೆ. ಆ ಹೆಮ್ಮೆಗೆ ನನ್ನ ತಕರಾರಿಲ್ಲ. ಆದರೆ ಚರ್ಚನ್ನು ಸಾಕಿದ ಸಂಪತ್ತು ಯಾರ ದುಡಿಮೆಯಿಂದ ಬಂತು ಎಂಬುದನ್ನು ಅಡಿಟಿಪ್ಪಣಿಗೆ ತಳ್ಳುವುದನ್ನು ನಾನು ಒಪ್ಪಲಾರೆ.

1721ರಿಂದ 1757ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ಸಭಾಪಾಲಕರಾಗಿದ್ದವರು, ಅಂದರೆ ಪಾದ್ರಿಯಾಗಿದ್ದವರು, ಐರ್ಲೆಂಡ್ ಮೂಲದ ಜೇಮ್ಸ್ ಮ್ಯಾಕ್‌ಸ್ಪಾರನ್. ಅವರನ್ನು ಕಳುಹಿಸಿದ್ದು 1701ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಎಸ್‌ಪಿಜಿ, ಅಂದರೆ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಮಿಷನರಿ ಸಂಸ್ಥೆ. ಮುಂದೆ ದಕ್ಷಿಣ ಭಾರತದಲ್ಲೂ ಮಿಷನರಿ ಕೆಲಸ ನಡೆಸಿದ ಸಂಸ್ಥೆಯೇ ಅದು. ಆ ಚರ್ಚಿನ ಸಭೆಗೆ ಸೇರಿದ ಶ್ರೀಮಂತ ಕುಟುಂಬಗಳು ದೊಡ್ಡ ಜಮೀನುಗಳಲ್ಲಿ ಹಸು ಸಾಕಿ, ಚೀಸ್ ಮಾಡಿಸಿ, ಕುದುರೆಗಳನ್ನು ಬೆಳೆಸಿ ವೆಸ್ಟ್ ಇಂಡೀಸಿನವರೆಗೂ ಮಾರುತ್ತಿದ್ದವು, ಮತ್ತು ಆ ಕೆಲಸದ ಭಾರ ಹೊತ್ತವರು ಗುಲಾಮರಾಗಿದ್ದ ಆಫ್ರಿಕನ್ನರು ಹಾಗೂ ಆ ನೆಲದ ಮೂಲನಿವಾಸಿಗಳು. ಭಾನುವಾರ ಒಡೆಯರು ಕೆಳಗೆ ಬಾಗಿಲುಳ್ಳ ಪೆಟ್ಟಿಗೆಯಂಥ ಆಸನಗಳಲ್ಲಿ ಕುಳಿತರೆ, ಗುಲಾಮರಿಗೆ ಮೇಲಿನ ಗ್ಯಾಲರಿ.

ಸಭಾಪಾಲಕರೂ ಗುಲಾಮರ ಒಡೆಯರೇ ಆಗಿದ್ದರು. ಕರಿಯರಿಗೆ ಧರ್ಮೋಪದೇಶ ಮಾಡಿ ದೀಕ್ಷಾಸ್ನಾನ ಕೊಡಬೇಕೆಂದು ಶ್ರದ್ಧೆಯಿಂದ ವಾದಿಸಿದ ಅದೇ ವ್ಯಕ್ತಿ, ರಾತ್ರಿ ಮನೆಯಿಂದ ಹೊರಗೆ ಹೋಗಿದ್ದಕ್ಕೆ ಹ್ಯಾನಿಬಲ್ ಎಂಬವನ ಬಟ್ಟೆ ಕಳಚಿ, ಕಟ್ಟಿಹಾಕಿ ಚಾಟಿಯಲ್ಲಿ ಹೊಡೆದುದನ್ನು 1751ರ ದಿನಚರಿಯಲ್ಲಿ ತಾವೇ ಬರೆದಿದ್ದಾರೆ. ಅಷ್ಟು ಸಾಲದೆಂದು ಅವರ ಹೆಂಡತಿಯೂ ಹೊಡೆದರು. ಆ ಕಾಲವೇ ಹಾಗಿತ್ತು ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ; ಅದೇ ಕಾಲದಲ್ಲಿ ಬದುಕಿದ ಹ್ಯಾನಿಬಲ್ ಕಟ್ಟು ಬಿಚ್ಚುತ್ತಿದ್ದಂತೆ ಓಡಿಹೋಗಲು ಪ್ರಯತ್ನಿಸಿದ್ದನ್ನೂ ಆ ದಿನಚರಿಯೇ ಹೇಳುತ್ತದೆ.

ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಅಮೆರಿಕನ್ ಕ್ರಾಂತಿಯ ಹೊತ್ತಿಗೆ ಇಂಗ್ಲೆಂಡಿನ ದೊರೆಗಾಗಿ ಪ್ರಾರ್ಥಿಸುವ ಪ್ರಶ್ನೆಯಲ್ಲಿ ಸಭೆ ಒಡೆದು ಆರಾಧನೆ ನಿಂತಿತು. 1789ರಲ್ಲಿ ಅಮೆರಿಕದ ಆಂಗ್ಲಿಕನ್ನರ ಎಪಿಸ್ಕೋಪಲ್ ಚರ್ಚು ತನ್ನದೇ ನಿಯಮಾವಳಿ ಮಾಡಿಕೊಂಡು ಸ್ವತಂತ್ರವಾಗಿ ನೆಲೆಗೊಂಡಿತು. ಗುಲಾಮರ ಬಿಡುಗಡೆ ಮಾತ್ರ ನಿಧಾನವಾಗಿತ್ತು: ರೋಡ್ ಐಲೆಂಡಿನ 1784ರ ಕಾಯ್ದೆ ಸ್ವಾತಂತ್ರ್ಯದ ಭರವಸೆ ಕೊಟ್ಟದ್ದು ಮುಂದೆ ಹುಟ್ಟುವ ಮಕ್ಕಳಿಗೆ ಮಾತ್ರ, ಆಗಲೇ ದುಡಿಯುತ್ತಿದ್ದ ಅವರ ತಾಯಂದಿರಿಗಲ್ಲ.