ಹೋದವರ ಕೆಲಸ ಯಾರ ತಲೆಗೆ?

ಕೆಲಸದಿಂದ ತೆಗೆದವರ ಲ್ಯಾಪ್‌ಟಾಪನ್ನು ಕಂಪನಿ ಅವತ್ತೇ ವಾಪಸ್ ತೆಗೆದುಕೊಳ್ಳುತ್ತದೆ. ಐಡಿ ಕಾರ್ಡ್ ಬಂದ್ ಆಗುತ್ತದೆ. ಅವರು ಮಾಡುತ್ತಿದ್ದ ಕೆಲಸವನ್ನು ಮಾತ್ರ ಯಾರೂ ತೆಗೆಯುವುದಿಲ್ಲ. ಅದು ಸದ್ದಿಲ್ಲದೆ ಪಕ್ಕದ ಸೀಟಿನವರ ಹೆಸರಿಗೆ ಬೀಳುತ್ತದೆ.

ಪುಣೆಯ ಐಟಿ ಕಂಪನಿಗಳ ಪ್ರದೇಶ ಹಿಂಜವಡಿಯ ನಮ್ಮ ಆಫೀಸಿನಲ್ಲೂ ಹಾಗೇ ಆಯಿತು. ಟೀಮಿನ ಅರ್ಧ ಜನ ಹೋದರು, ಕ್ಲೈಂಟಿಗೆ ಕೊಟ್ಟ ತಾರೀಖು ಒಂದೂ ಬದಲಾಗಲಿಲ್ಲ. "ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಎಷ್ಟು ದಿನ ಅಂತ ಯಾರೂ ಕೇಳಲಿಲ್ಲ. ನೌಕರಿ ಉಳಿದದ್ದೇ ಪುಣ್ಯ ಅನ್ನೋ ಹೊತ್ತಲ್ಲಿ ಯಾರು ಕೇಳುತ್ತಾರೆ?

ಧಾರವಾಡ ಕಡೆಯ ಹುಡುಗನೊಬ್ಬ ನಮ್ಮ ಟೀಮಿನಲ್ಲಿದ್ದಾನೆ. ಪಕ್ಕದ ವಾಕಡ್‌ನಲ್ಲಿ ಈಗಷ್ಟೇ ಸಾಲ ಮಾಡಿ ಫ್ಲಾಟ್ ಕೊಂಡಿದ್ದಾನೆ. "ಅಕ್ಕಾ, ಒಲ್ಲೆ ಅಂದ್ರ ಮುಂದಿನ ಲಿಸ್ಟ್‌ನ್ಯಾಗ ನನ್ನ ಹೆಸರು ಇರ್ತದ" ಅಂದ. ಭಯ ಸುಳ್ಳಲ್ಲ. ಆದರೆ ಹೋದವರಲ್ಲಿ ಮಧ್ಯರಾತ್ರಿವರೆಗೆ ಕೂತವರೂ ಇದ್ದರು ಅಲ್ವಾ? ಲಿಸ್ಟ್ ಮಾಡುವವರು ಪ್ರಾಜೆಕ್ಟ್ ನೋಡುತ್ತಾರೆ, ಸಂಬಳ ನೋಡುತ್ತಾರೆ. ಇಬ್ಬರ ಕೆಲಸವನ್ನು ಒಬ್ಬರೇ ತುಟಿಪಿಟಿಕ್ಕೆನ್ನದೆ ಮುಗಿಸಿದರೆ ಅವರಿಗೆ ಅರ್ಥವಾಗುವುದು ಒಂದೇ: ಇಷ್ಟು ಜನ ಸಾಕು. ನಮ್ಮ ನಿದ್ದೆಗೆ ಎಕ್ಸೆಲ್‌ನಲ್ಲಿ ಕಾಲಂ ಇಲ್ಲ.

ಹಾಗಂತ ಮುಖಕ್ಕೆ ಹೊಡೆದ ಹಾಗೆ "ಆಗಲ್ಲ" ಅನ್ನಬೇಕಿಲ್ಲ. ಕೈಯಲ್ಲಿರುವ ಕೆಲಸಗಳನ್ನೆಲ್ಲ ಬರೆದು, ಪಕ್ಕದಲ್ಲಿ ಗಂಟೆ ಹಾಕಿ, ಮೇಲ್ ಮಾಡಿ. "ಸರ್, ಇದನ್ನೂ ಮಾಡುತ್ತೇನೆ. ಅದಕ್ಕೆ ಯಾವುದನ್ನು ಮುಂದಕ್ಕೆ ಹಾಕಲಿ?" ಆರಿಸುವ ತಲೆನೋವು ಅವರದ್ದೇ ಇರಲಿ, ಅವರಿಗೆ ಜಾಸ್ತಿ ಸಂಬಳ ಅದಕ್ಕೇ. ಬಾಯಲ್ಲಿ ಹೇಳಿದ್ದು ಸಂಜೆಗೆ ಮರೆತುಹೋಗುತ್ತದೆ. ಎಲ್ಲವೂ ಅರ್ಜೆಂಟ್ ಅಂತ ಉತ್ತರ ಬಂದರೆ ನೀವೇ ಒಂದು ಸಾಲು ಹಾಕಿ: ಇದು ಶುಕ್ರವಾರ, ಅದು ಮುಂದಿನ ವಾರ. ಮೇಲ್ ಕಳಿಸುವ ಮೊದಲು ಪಕ್ಕದವರ ಹತ್ತಿರ ಮಾತಾಡಿ. ಇಲ್ಲಾಂದ್ರೆ ನೀವು ಬಿಟ್ಟದ್ದು ಅವರ ತಲೆಗೆ ಹೋಗುತ್ತದೆ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆಯ ಮಿತಿ ಇದೆ, ಓವರ್‌ಟೈಮ್‌ಗೆ ಎರಡು ಪಟ್ಟು ಸಂಬಳವಿದೆ. ಆದರೆ ಮ್ಯಾನೇಜರ್, ಸೂಪರ್‌ವೈಸರ್ ದರ್ಜೆಯವರಿಗೆ ಅದು ಅನ್ವಯಿಸುವುದಿಲ್ಲ. ನಮ್ಮಲ್ಲಿ ಎರಡು ಪ್ರಮೋಷನ್‌ಗೇ ಎಲ್ಲರೂ ಯಾಕೆ ಮ್ಯಾನೇಜರ್ ಆಗುತ್ತಾರೋ, ಸುಮ್ನೆ ಯೋಚಿಸಿ ನೋಡಿ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಎಷ್ಟು ಜಗಳ ಆಡಿದೆವು! ಈಗ ಯಾರೂ ಹೇಳದೆಯೇ ಕೂತಿದ್ದೇವೆ.

ಕಾಂಟ್ರಾಕ್ಟ್ ಮೇಲಿರುವವರಿಗೆ, ಮನೆಯಲ್ಲಿ ಒಬ್ಬರೇ ದುಡಿಯುವವರಿಗೆ ಇದು ಸುಲಭ ಅಲ್ಲ. ಅದಕ್ಕೇ ಸರ್ವಿಸ್ ಜಾಸ್ತಿಯಾದ ನಮ್ಮಂಥವರು ಮೊದಲು ಬರೆಯಬೇಕು. ನಾನು ಬರೆದೆ, ಆ ಹುಡುಗನ ಕೆಲಸವನ್ನೂ ಸೇರಿಸಿ. ಒಂದು ರಿಪೋರ್ಟ್ ಮುಂದಿನ ತಿಂಗಳಿಗೆ ಹೋಯಿತು. ಶನಿವಾರದ ಕಾಲ್ ಇನ್ನೂ ನಿಂತಿಲ್ಲ. ಅದರ ಬಗ್ಗೆ ಇನ್ನೊಂದು ಮೇಲ್ ಹೋಗಲಿದೆ.